ಗುಡ್ಡದ ತಲೆಗಳು

ದಸರಾ ರಜೆ ಬಂದೊಡನೆ ಬೆಂಗಳೂರಿನ ಸಂಸಾರಗಳಿಗೆ ಪ್ರವಾಸದ ಜ್ವರ ಏರುವುದು ಹೊಸತೇನಲ್ಲ. 2025ರ ರಜೆಯಲ್ಲಿ ಅಂಥದೇ ಒಂದು ಸಂಸಾರ, ಗಂಡ, ಹೆಂಡತಿ, ಇಬ್ಬರು ಮಕ್ಕಳು ಮತ್ತು 75 ವರ್ಷದ ಅಜ್ಜಿ, ಚಕ್ಕುಲಿಯ ಡಬ್ಬದ ಸಮೇತ ಕಾರನ್ನೇರಿ ಶರಾವತಿಯ ಕಣಿವೆಗೆ ಹೊರಟಿತು. ರಾತ್ರಿ ಸಾಗರದಲ್ಲಿ ತಂಗಿ, ಮುಂಜಾನೆ ಸಿಗಂದೂರಿನ ದಾರಿ ಹಿಡಿದರು. ದೇವಿಯ ದರ್ಶನ ಮಗನ ಸಂಕಲ್ಪ. ಹೊಸ ಸೇತುವೆಯನ್ನು ಕಾಣುವುದು ಮಕ್ಕಳ ಹಂಬಲ. ಅಜ್ಜಿಯ ಮನಸ್ಸಿನಲ್ಲಿ ಏನಿದೆಯೆಂದು ಯಾರೂ ಕೇಳಿರಲಿಲ್ಲ.

ಅಂಬಾರಗೋಡ್ಲಿನ ಬಳಿ ಕಾಡು ಸರಿದು ಹಿನ್ನೀರು ಕಣ್ಣಿಗೆ ಬಿದ್ದಿತು. ನೀಲಿ ನೀರು, ನಡುವೆ ಹಸಿರು ನಡುಗಡ್ಡೆಗಳು, ಆಚೆಗೆ ಸಹ್ಯಾದ್ರಿಯ ಸಾಲು. ಕ್ಯಾಲೆಂಡರಿನ ಚಿತ್ರಕ್ಕೆ ಇನ್ನೇನು ಬೇಕು? ಮೊಮ್ಮಗಳು ನಡುಗಡ್ಡೆಗಳನ್ನು ಎಣಿಸತೊಡಗಿದಳು.

“ಅವು ನಡುಗಡ್ಡೆಗಳಲ್ಲ ಪುಟ್ಟೀ, ಗುಡ್ಡದ ತಲೆಗಳು,” ಎಂದಳು ಅಜ್ಜಿ.

ನಿಜವೇ. ಪ್ರವಾಸಿಗರು ಇಲ್ಲಿ ನಿಂತು ಕೊಂಡಾಡುವುದು ಕಣಿವೆಯ ಮೇಲಂಚನ್ನು. ಕಣಿವೆ ಇರುವುದು ನೀರಿನಡಿಯಲ್ಲಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನೀರು ನಿಲ್ಲುವಂತಾಯಿತು. ಆ ಗೆರೆಯ ಕೆಳಗಿದ್ದ ಗದ್ದೆ, ಅಡಕೆ ತೋಟ, ಗುಡಿ, ಮನೆಗಳೆಲ್ಲ ಮುಳುಗಿದವು. 1940ರ ದಶಕದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿ, ಬೇಸಗೆಯಲ್ಲಿ ನೀರಿಳಿದಾಗ ಮಾತ್ರ ಮೈದೋರುತ್ತದೆ. ನಾಡಿಗೆ ಬೆಳಕು ಬಂದಿತು, ಸುಳ್ಳಲ್ಲ. ಊರು ಬಿಟ್ಟೆದ್ದವರಲ್ಲಿ ಹಲವರು ಮಾತ್ರ ತಮಗೆ ತೋರಿಸಿದ ಭೂಮಿಯ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನಕ್ಕೂ ಮೀರಿ ಅಲೆದರು.

ಅಜ್ಜಿಯ ತವರೂರು ಆ ನೀರಿನೊಳಗಿದೆ. ಊರು ಬಿಟ್ಟಾಗ ಆಕೆ 13 ವರ್ಷದ ಹುಡುಗಿ. ಬಾಗಿಲು, ತೊಲೆ, ಹೆಂಚುಗಳನ್ನೆಲ್ಲ ಬಿಚ್ಚಿ ಎತ್ತಿನ ಗಾಡಿಗೆ ಹೇರಿಯಾಗಿತ್ತು. ಸೂರಿಲ್ಲದ ಅಡುಗೆಮನೆಯಲ್ಲಿ ಆಕೆಯ ತಾಯಿ ಕುಳಿತು ಒಲೆಯನ್ನು ಸಾರಿಸುತ್ತಿದ್ದಳಂತೆ. “ನಾಳೆ ಇಲ್ಲಿ ಯಾರಮ್ಮಾ ಅಡುಗೆ ಮಾಡುವವರು?” ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ತಾಯಿ ಸಾರಿಸಿ ಮುಗಿಸಿದಳು, ಕೈ ತೊಳೆದಳು, ಗಾಡಿಯನ್ನೇರಿದಳು.

ಹಿಂದೆ ಒಮ್ಮೆ ಅಜ್ಜಿ ಈ ನೀರನ್ನು ಲಾಂಚಿನಲ್ಲಿ ದಾಟಿದ್ದಳು. ಕಟಕಟೆ ಹಿಡಿದು ನಿಂತು, ಗುಡ್ಡಗಳನ್ನು ಒಂದೊಂದಾಗಿ ಗುರುತು ಹಿಡಿಯುವಷ್ಟು ಪುರುಸೊತ್ತು ಅದರಲ್ಲಿತ್ತು. 2025ರ ಜುಲೈಯಲ್ಲಿ ತೆರೆದ ಸೇತುವೆಯ ಉದ್ದ 2.44 ಕಿಲೋಮೀಟರು. ಲಾಂಚು ನಿಂತ ಮೇಲೆ, ರಾತ್ರಿಯ ಹೊತ್ತು, ತುಮರಿಯ ಕಡೆಯವರು ರೋಗಿಯನ್ನು ಸಾಗರಕ್ಕೆ ಸಾಗಿಸಲು ಪಡುತ್ತಿದ್ದ ಪಾಡನ್ನು ಬಲ್ಲವರು ಈ ಸೇತುವೆಯನ್ನು ಹಳಿಯಲಾರರು, ಅಜ್ಜಿಯೂ ಹಳಿಯಲಿಲ್ಲ. ಆದರೆ ಮಕ್ಕಳು ಮೇಲಿನ ಕೇಬಲ್ಲುಗಳನ್ನು ಕಂಡು ಕೂಗುತ್ತಿರುವಾಗಲೇ, ಆಕೆ ದಿಕ್ಕು ಹಿಡಿಯುವಷ್ಟರಲ್ಲಿಯೇ, ಕಾರು ಆಚೆಯ ದಡವನ್ನು ಮುಟ್ಟಿತ್ತು.

“ಆಯಿತೇ?” ಎಂದಳು.

“ಆಯಿತಮ್ಮಾ. ಎಷ್ಟು ಬೇಗ ನೋಡು!”

ಮಗ ಕನ್ನಡಿಯಲ್ಲಿ ತಾಯಿಯ ಮುಖವನ್ನು ಕಂಡನು. ಏನೂ ಹೇಳದೆ ಕಾರನ್ನು ತಿರುಗಿಸಿದನು. ಈ ಸಲ ಕಾರು ತೆವಳಿತು. ಹಿಂದಿನವರು ಹಾರನ್ನು ಬಾರಿಸಿದರು. ಅಜ್ಜಿ ಕಿಟಕಿಗೆ ಅಂಗೈಯಿಟ್ಟು, “ಅಗೋ, ಆ ಬೋಳುಗುಡ್ಡ. ಅದರ ಬುಡದಲ್ಲಿ ಹಳ್ಳ. ಹಳ್ಳದ ಈಚೆಗೆ ಮನೆ,” ಎಂದಳು. ಎಲ್ಲರೂ ನೋಡಿದರು. ಅಲ್ಲಿ ಬಿಸಿಲು ಬಿದ್ದ ನೀರಿತ್ತು.

“ಒಲೆ ಇನ್ನೂ ಇರಬಹುದೇ ಅಜ್ಜಿ?”

“ಮಣ್ಣಿನ ಒಲೆ, ಪುಟ್ಟೀ. ಕರಗಿರುತ್ತದೆ.”

ಸಿಗಂದೂರಿಗೆ ಹೋಗಲು ಮೂರನೆಯ ಬಾರಿ ಸೇತುವೆಯನ್ನು ದಾಟಬೇಕಾಯಿತು. ಆಗ ಅಜ್ಜಿ ಡಬ್ಬವನ್ನು ಮಡಿಲಿಗೆಳೆದುಕೊಂಡು ಮಕ್ಕಳಿಗೆ ಚಕ್ಕುಲಿ ಹಂಚುತ್ತಿದ್ದಳು.