ಅಣ್ಣನ ಕಾರೂ ನನ್ನ ಪಾಂಡಿತ್ಯವೂ

ತಿಳಿಯದ ವಿಷಯದಲ್ಲಿ ತಿಳಿದವನಂತೆ ಮಾತನಾಡುವುದು ಅಷ್ಟೇನೂ ದೊಡ್ಡ ಪಾಪವಲ್ಲವೆಂದು ನಾನು ಬಹುಕಾಲ ನಂಬಿದ್ದೆನು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನಿಗೆ ಆ ಚಾಳಿ ಸಹಜವಾಗಿಯೇ ಅಂಟಿಕೊಳ್ಳುತ್ತದೆ. ಆದರೆ ನನ್ನ ಇಂಥದೊಂದು ಮಾತಿನಿಂದ ಅಣ್ಣನ ಒಂದು ವರ್ಷದ ಅಡಕೆಯ ಹಣ ಕೈಬಿಡುವುದರಲ್ಲಿತ್ತು. ಅದಕ್ಕಿಂತ ಹೆಚ್ಚಿನ ಅನರ್ಥವೂ ಆಗುವುದರಲ್ಲಿತ್ತು. ಆ ಸಂಗತಿಯನ್ನು ವಾಚಕ ಮಹಾಶಯರ ಮುಂದೆ ನಿವೇದಿಸಿಕೊಂಡರೆ ಮನಸ್ಸು ಹಗುರಾದೀತೆಂದು ಈ ನಾಲ್ಕು ಮಾತು.

ನಾನಿರುವುದು ಬಂಟವಾಳದಲ್ಲಿ, ಅಣ್ಣನ ತೋಟ ಬೆಳ್ತಂಗಡಿಯಿಂದಾಚೆ, ತಂಗಿಯನ್ನು ಕೊಟ್ಟಿರುವುದು ಮೂಡಬಿದಿರೆಗೆ. ತಾಯಿಯವರು ಅಣ್ಣನೊಡನೆ ಇದ್ದಾರೆ. ಎಂಬತ್ತು ದಾಟಿದ ಅವರನ್ನು ವೈದ್ಯರಿಗೆ ತೋರಿಸಲು ತಿಂಗಳಿಗೊಮ್ಮೆ ಮಂಗಳೂರಿಗೆ ಕರೆದೊಯ್ಯಬೇಕು. ಹದಿನಾಲ್ಕು ವರ್ಷದ ಹಳೆಯ ಕಾರೊಂದು ಈ ಸೇವೆಯನ್ನು ತಕರಾರಿಲ್ಲದೆ ನಡೆಯಿಸಿಕೊಂಡು ಬಂದಿತ್ತು.

ಕಳೆದ ಚೌತಿಯ ದಿನ ಎಲ್ಲರೂ ತಂಗಿಯ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಎಂಜಿನಿಯರಿಂಗ್ ಓದುತ್ತಿರುವ ಅವಳ ಮಗನು, “ದೊಡ್ಡ ಮಾವ, ನಿಮ್ಮ ಕಾರಿಗೆ ಇರುವುದು ಒಂದೇ ಕ್ಯಾಮ್ ಶಾಫ್ಟ್. ಈಗಿನ ಕಾರುಗಳಿಗೆ ಎರಡೆರಡು ಉಂಟು” ಎಂದನು. ಅಣ್ಣ ನನ್ನ ಮುಖ ನೋಡಿದನು. ಕ್ಯಾಮ್ ಎಂಬುದು ತಿರುಗುವ ವಸ್ತುವೋ ಉರಿಯುವ ವಸ್ತುವೋ ನನಗೆ ತಿಳಿದಿರಲಿಲ್ಲ. ಆದಾಗ್ಯೂ ಪಾಯಸದ ಲೋಟವನ್ನು ಕೆಳಗಿಟ್ಟು, “ಒಂದಕ್ಕಿಂತ ಎರಡು ಮೇಲೆಂಬುದಕ್ಕೆ ಪ್ರಮಾಣ ಬೇಕೆ?” ಎಂದುಬಿಟ್ಟೆನು.

ವಾರ ಕಳೆಯುವಷ್ಟರಲ್ಲಿ ಅಣ್ಣನಿಂದ ಫೋನು ಬಂದಿತು. ಬೆಲೆ ಏರಲೆಂದು ಅಟ್ಟದಲ್ಲಿ ಕಾದಿರಿಸಿದ್ದ ಅಡಕೆಯನ್ನು ಮಾರಿ ಹೊಸ ಕಾರು ಕೊಳ್ಳುತ್ತಾನಂತೆ! “ನೀನು ಹೇಳಿದ ಮೇಲೆ ಯೋಚನೆ ಯಾಕೆ?” ಎಂದನು. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಬೆಳಗಾಗುತ್ತಲೇ ಬಿ.ಸಿ. ರೋಡಿನಲ್ಲಿ ನಮ್ಮ ಕಾರು ರಿಪೇರಿ ಮಾಡುವಾತನಲ್ಲಿಗೆ ಹೋದೆನು. ಆತನು ನನ್ನ ಹಳೆಯ ಶಿಷ್ಯ. “ಮಾಷ್ಟ್ರೇ, ಆಗ ನಿಮ್ಮ ಪಾಠ ನನ್ನ ತಲೆಗೆ ಹತ್ತಲಿಲ್ಲ. ಈಗ ನನ್ನ ಪಾಠ ನಿಮಗೆ ಹತ್ತುತ್ತದೋ ನೋಡುವ” ಎಂದು ನಗುತ್ತ, ಬಿಚ್ಚಿಟ್ಟಿದ್ದ ಎಂಜಿನ್ನಿನ ತಲೆಯ ಬಳಿಗೆ ಕರೆದೊಯ್ದನು. ಉದ್ದನೆಯ ಉಕ್ಕಿನ ಕಂಬಿ. ಅದರ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ಕಂಬಿ ತಿರುಗಿದಾಗ ಉಬ್ಬು ಬಂದು ವಾಲ್ವನ್ನು ಒತ್ತುತ್ತದೆ. ಉಬ್ಬು ಸರಿದೊಡನೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಒಂದು ಬಗೆಯ ವಾಲ್ವಿನಿಂದ ಗಾಳಿಯೂ ಪೆಟ್ರೋಲೂ ಒಳಕ್ಕೆ. ಇನ್ನೊಂದರಿಂದ ಸುಟ್ಟ ಹೊಗೆ ಹೊರಕ್ಕೆ. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ ಕ್ಯಾಮ್ ಬರುವುದು ಒಂದೇ ಸುತ್ತು. ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿರುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುವುದೆಂದು ಲೆಕ್ಕ ಹಾಕಿ ಬೆರಗಾದೆನು.

ಹಿಂದೆ ನಾವು ಬಾಡಿಗೆಗೆ ಹಿಡಿಯುತ್ತಿದ್ದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಈ ಕಂಬಿ ಎಂಜಿನ್ನಿನ ಕೆಳಭಾಗದಲ್ಲಿದ್ದು, ಉದ್ದನೆಯ ಕಡ್ಡಿಗಳ ಮೂಲಕ ಮೇಲಿನ ವಾಲ್ವುಗಳನ್ನು ಒತ್ತಿಸುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಅದು ತಲೆಯ ಮೇಲೆಯೇ ಇತ್ತು. ಅಲ್ಲಿ ಒಂದೇ ಕಂಬಿ ಎರಡೂ ಬಗೆಯ ವಾಲ್ವುಗಳನ್ನು ನೋಡಿಕೊಳ್ಳುತ್ತದೆ. ಎರಡಿರುವಲ್ಲಿ ಒಂದು ಒಳಬರುವ ಗಾಳಿಗೆ, ಇನ್ನೊಂದು ಹೊರಹೋಗುವ ಹೊಗೆಗೆ. ಇದು ಹೊಸದೂ ಅಲ್ಲ; 1912ರಲ್ಲಿ ಫ್ರಾನ್ಸಿನ ಗ್ರ್ಯಾಂಡ್ ಪ್ರಿ ಪಂದ್ಯವನ್ನು ಗೆದ್ದ ಪ್ಯೂಜೋ ಕಾರಿಗೆ ಆಗಲೇ ಎರಡು ಕ್ಯಾಮುಗಳೂ ಸಿಲಿಂಡರಿಗೆ ನಾಲ್ಕು ವಾಲ್ವುಗಳೂ ಇದ್ದವು.

ನನಗೆ ಇದು ಮದುವೆಯ ಚಪ್ಪರದಂತೆ ಕಂಡಿತು. ಒಬ್ಬನೇ ಯಜಮಾನನು ಬಾಗಿಲಲ್ಲಿ ನಿಂತು ಬರುವವರಿಗೆ ಪನ್ನೀರು ಚಿಮುಕಿಸಿ, ಹೋಗುವವರ ಕೈಗೆ ತಾಂಬೂಲವನ್ನೂ ಕೊಡಬಹುದು. ಜನರು ನಿಧಾನವಾಗಿ ಬರುತ್ತಿರುವ ತನಕ ತೊಂದರೆಯಿಲ್ಲ. ಮುಹೂರ್ತದ ಹೊತ್ತಿನ ನೂಕುನುಗ್ಗಲಿಗೆ ಮಾತ್ರ ಇಬ್ಬರಿದ್ದರೆ ಲೇಸು. ಎಂಜಿನ್ ಅತಿವೇಗವಾಗಿ ತಿರುಗುವಾಗ ಎರಡು ಕ್ಯಾಮುಗಳಿಂದ ಉಸಿರಾಟ ಸರಾಗವಾಗುತ್ತದೆ. ಸ್ಪಾರ್ಕ್ ಪ್ಲಗ್ಗನ್ನು ನಟ್ಟನಡುವೆ ಇಡಲು ಸುಲಭ. ಒಳಬರುವ ವಾಲ್ವಿನ ಹೊತ್ತನ್ನು ಮಾತ್ರ ಹಿಂದುಮುಂದು ಮಾಡಲೂ ಅನುಕೂಲ. ಒಂದೇ ಕ್ಯಾಮಿನದಾದರೆ ಭಾಗಗಳು ಕಡಮೆ, ತೂಕ ಕಡಮೆ, ಖರ್ಚೂ ಕಡಮೆ. ವಾಲ್ವುಗಳ ಸಂಖ್ಯೆಗೂ ಕ್ಯಾಮುಗಳ ಸಂಖ್ಯೆಗೂ ಕಟ್ಟುನಿಟ್ಟಾದ ನಂಟಿಲ್ಲ. ಅಣ್ಣನ ಒಂಟಿ ಕ್ಯಾಮಿನ ಕಾರಿಗೂ ಸಿಲಿಂಡರಿಗೆ ನಾಲ್ಕು ವಾಲ್ವುಗಳುಂಟು.

ಅಂಕಿಗಳನ್ನು ನೋಡದೆ ನನಗೆ ಸಮಾಧಾನವಾಗುವುದುಂಟೆ? ಮಾರುತಿ ಸ್ವಿಫ್ಟ್ 2005ರಲ್ಲಿ ಬಂದಾಗ ಅದರ ಪೆಟ್ರೋಲ್ ಎಂಜಿನ್ 1298 ಸಿ.ಸಿ.ಯದು, ಒಂದು ಕ್ಯಾಮಿನದು, 87 ಅಶ್ವಶಕ್ತಿಯದು. 2010ರಲ್ಲಿ ಅದರ ಸ್ಥಾನಕ್ಕೆ ಬಂದುದು 1197 ಸಿ.ಸಿ.ಯ, ಎರಡು ಕ್ಯಾಮಿನ, 85 ಅಶ್ವಶಕ್ತಿಯ ಎಂಜಿನ್. ಗಾತ್ರ ಕುಗ್ಗಿದರೂ ಬಲ ಹೆಚ್ಚೇನೂ ಕುಗ್ಗಲಿಲ್ಲ. ಹೋಂಡಾ ಸಿಟಿ 2020ರಲ್ಲಿ ಒಂದರಿಂದ ಎರಡಕ್ಕೆ ಬಂದಾಗ 119 ಇದ್ದ ಅಶ್ವಶಕ್ತಿ 121 ಆಯಿತು. ಎಳೆಯುವ ಬಲ ಮೊದಲಿನಂತೆ 145 ನ್ಯೂಟನ್ ಮೀಟರೇ ಉಳಿದು, 4600 ಸುತ್ತಿನ ಬದಲಿಗೆ 4300 ಸುತ್ತಿಗೇ ದೊರೆಯುವಂತಾಯಿತು. ಲಾಭವುಂಟು, ಆದರೆ ಒಂದು ಎರಡಾದಾಕ್ಷಣ ಫಲವೂ ಇಮ್ಮಡಿಯಾಗುವುದಿಲ್ಲ. ಗಣಿತದ ಮೇಷ್ಟ್ರಾಗಿ ನಾನು ತಪ್ಪಿದ್ದು ಇಲ್ಲಿಯೇ.

“ನಿಮ್ಮದೇ ಕಾರಿಗೆ ಎರಡು ಕ್ಯಾಮ್ ಉಂಟಲ್ಲ, ಮಾಷ್ಟ್ರೇ?” ಎಂದು ಶಿಷ್ಯನು ಕೇಳಿದಾಗ ನಾನು ತಲೆ ತಗ್ಗಿಸಿದೆನು. ಏಳು ವರ್ಷದಿಂದ ಓಡಿಸುತ್ತಿದ್ದರೂ ಅದು ನನಗೆ ತಿಳಿದಿರಲಿಲ್ಲ!

ಮುಂದಿನ ಭಾನುವಾರ ಅಣ್ಣನನ್ನು ಕಾರು ಸಹಿತ ಬಂಟವಾಳಕ್ಕೆ ಕರೆಯಿಸಿಕೊಂಡೆನು. ಎರಡು ಕಾರುಗಳಲ್ಲಿ ಸಿದ್ಧಕಟ್ಟೆಯ ಮಾರ್ಗವಾಗಿ ಮೂಡಬಿದಿರೆಗೆ ಹೋಗಿ, ಅಳಿಯನನ್ನು ಕೂಡಿಸಿಕೊಂಡು, ವೇಣೂರು ಗುರುವಾಯನಕೆರೆಗಳ ಮೇಲಾಗಿ ಹಿಂತಿರುಗಿದೆವು. ಏರು, ತಿರುವು, ಬಸ್ಸಿನ ಹಿಂದೆ ಕಾಯುವುದು—ಇವಿಷ್ಟೇ ಇರುವ ಒಳದಾರಿಯಲ್ಲಿ ಎಂಜಿನ್ ಅತಿವೇಗಕ್ಕೆ ಏರುವ ಪ್ರಸಂಗವೇ ಒದಗಲಿಲ್ಲ. ಅಣ್ಣನ ಕಾರು ನನ್ನದಕ್ಕೆ ಎಳ್ಳಷ್ಟೂ ಸೋಲಲಿಲ್ಲ. ಪುಂಜಾಲಕಟ್ಟೆಯಿಂದ ಬಿ.ಸಿ. ರೋಡಿಗೆ ಬರುವ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಮಾತ್ರ ನನ್ನದು ಸಲೀಸಾಗಿ ಮುಂದೆ ಹೋಯಿತು. “ಅಜ್ಜಿಯನ್ನು ಕರೆದುಕೊಂಡು ಹೋಗುವ ವೇಗಕ್ಕೆ ಒಂದೇ ಧಾರಾಳವಾಯಿತು, ಮಾವ” ಎಂದು ಅಳಿಯನೂ ಒಪ್ಪಿಕೊಂಡನು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹೇಗೂ ಬಂದಿದ್ದೇವಲ್ಲ ಎಂದು ಅಣ್ಣನ ಕಾರನ್ನು ಶಿಷ್ಯನಿಗೆ ತೋರಿಸಿದೆವು. ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದವನು ಮಾತು ನಿಲ್ಲಿಸಿದನು. ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಹಲ್ಲಿನ ಬೆಲ್ಟು ಬಿರುಕುಬಿಟ್ಟಿತ್ತು. ಕೈಪಿಡಿಯಲ್ಲಿ ಹೇಳಿದ ಅವಧಿ ಮೀರಿ ವರ್ಷಗಳಾಗಿದ್ದವು. ಅದನ್ನು ಬದಲಿಸಬೇಕೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದು ಕಡಿದರೆ ಕ್ಯಾಮ್ ನಿಂತುಬಿಡುತ್ತದೆ. ಈ ಎಂಜಿನ್ನಿನಲ್ಲಿ ಮೇಲೇರುವ ಪಿಸ್ಟನ್ನು ತೆರೆದಿರುವ ವಾಲ್ವಿಗೆ ಬಡಿಯುತ್ತದೆ. ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ತಾಯಿ, ಬೆನ್ನ ಹಿಂದೆಯೇ ಲಾರಿ—ಆ ಚಿತ್ರ ಕಣ್ಣಮುಂದೆ ಬಂದು ನಾವಿಬ್ಬರೂ ಮಾತಿಲ್ಲದೆ ನಿಂತೆವು. ಕ್ಯಾಮುಗಳು ಎಷ್ಟೆಂದು ವಾದಿಸಿದ ಮನೆಯಲ್ಲಿ, ಇದ್ದ ಒಂದನ್ನು ತಿರುಗಿಸುವ ಬೆಲ್ಟನ್ನು ವಿಚಾರಿಸಿದವರು ಒಬ್ಬರೂ ಇರಲಿಲ್ಲ.

ಅಂದೇ ಬೆಲ್ಟನ್ನು ಬದಲಿಸಲಾಯಿತು. ಅಡಕೆ ಅಟ್ಟದಲ್ಲಿಯೇ ಉಳಿಯಿತು. ಹೊಸ ಪೆಟ್ರೋಲ್ ಕಾರು ಕೊಳ್ಳುವವರಿಗೆ ಈಗ ದೊರೆಯುವವುಗಳಲ್ಲಿ ಬಹುಪಾಲು ಎರಡು ಕ್ಯಾಮಿನವೇ. ಅವರು ಸಂತೋಷವಾಗಿ ಕೊಳ್ಳಲಿ. ಒಂದು ಕ್ಯಾಮಿನ ಗಟ್ಟಿ ಕಾರು ಇರುವವರು ಮಾತ್ರ ಅದೊಂದೇ ಕಾರಣಕ್ಕೆ ಅದನ್ನು ಮಾರುವುದು ಬೇಡ. ಯಾವುದೇ ಇರಲಿ, ಕೈಪಿಡಿಯನ್ನು ಒಮ್ಮೆ ತೆರೆದು ನೋಡಲಿ.

ವಿಷಯವನ್ನೆಲ್ಲ ಕೇಳಿದ ತಾಯಿಯವರು, “ಅದು ಎಷ್ಟಾದರೂ ಇರಲಿ ಮಾರಾಯ, ನನಗೆ ಕಾರು ಹತ್ತುವಾಗ ಕಾಲಿಡಲಿಕ್ಕೆ ಒಂದು ಮಣೆ ಮಾಡಿಸಿ ಕೊಡು” ಎಂದರು. ಹಲಸಿನ ಹಲಗೆಯ ಮಣೆಯೊಂದು ಈಗ ಆ ಕಾರಿನಲ್ಲಿಯೇ ಇರುತ್ತದೆ. ಅಣ್ಣ ಇಂದಿಗೂ ಏನಾದರೂ ಕೊಳ್ಳುವ ಮುನ್ನ ನನ್ನನ್ನೇ ಕೇಳುತ್ತಾನೆ. “ತಿಳಿದವರನ್ನು ಕೇಳಿ ಹೇಳುತ್ತೇನೆ, ಅಣ್ಣಾ” ಎನ್ನುವುದನ್ನು ನಾನು ಈ ವಯಸ್ಸಿನಲ್ಲಿ ಕಲಿತುಕೊಂಡಿದ್ದೇನೆ.