ನಾನು ಮಾಡಿಸಿದ ಒಂದು ಮದುವೆ



ನಮ್ಮ ಈ ಮಾಸಪತ್ರಿಕೆ ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ಮನೆಯ ಎಲ್ಲರ ಕೈಗೂ ಸಿಗುತ್ತದೆ. ಆದ್ದರಿಂದ ಈ ವಿಷಯವನ್ನು ಬರೆಯುವುದೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಮುಚ್ಚಿಟ್ಟದ್ದರಿಂದಲೇ ನಮ್ಮ ಮನೆಯಲ್ಲಿ ಇಬ್ಬರ ಬಾಳು ಕೆಟ್ಟಿತು ಎಂಬುದು ನೆನಪಾಗಿ, ಕೊನೆಗೆ ಧೈರ್ಯ ಮಾಡಿದ್ದೇನೆ. ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಸೇಲಂನ ಸೆವ್ವಾಪೇಟೆಯ ಹುಣಸೆಹಣ್ಣಿನ ಮಂಡಿಯಲ್ಲಿ ತಂದೆಯವರ ಪಕ್ಕದಲ್ಲಿ ಕುಳಿತವನು. ಈಗ ವಯಸ್ಸು ಅರವತ್ತೈದು. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಕಳೆದ ವರ್ಷ ಕ್ಷಮಾವಣಿಯ ಮರುದಿನ ನಮ್ಮ ಬಂಧುಗಳೊಬ್ಬರು ಅಂಗಡಿಗೆ ಬಂದರು. ಗುಮಾಸ್ತ ಊಟಕ್ಕೆ ಹೋಗುವವರೆಗೆ ಕಾದು, ದನಿ ತಗ್ಗಿಸಿ ಹೇಳಿದರು: "ನನ್ನ ಮಗ ಮದುವೆ ಬೇಡ ಎನ್ನುತ್ತಾನೆ. ಹೆಣ್ಣಿನ ಮೇಲೆ ಮನಸ್ಸಿಲ್ಲವಂತೆ, ಗಂಡಸರ ಮೇಲೆಯೇ ಅಂತೆ. ದೂರದ ಕಾಲೇಜಿಗೆ ಕಳುಹಿಸಿದ್ದೇ ತಪ್ಪಾಯಿತು, ಅಲ್ಲಿ ಕಲಿತ ಚಟ ಇದು. ನೀವು ಹಿರಿಯರು, ನಾಲ್ಕು ಮಾತು ಹೇಳಿ ಒಪ್ಪಿಸಿ. ನಿಮ್ಮ ಅಕ್ಕನ ಮಗನೂ ಬೇಡ ಬೇಡ ಎನ್ನುತ್ತಿದ್ದನಲ್ಲ, ನೀವೇ ಅಲ್ಲವೇ ಒಪ್ಪಿಸಿದ್ದು? ಆಮೇಲೆ ಆ ಹುಡುಗಿಯಲ್ಲಿ ದೋಷವಿತ್ತು, ಅದು ಬೇರೆ ಮಾತು."

ಆ ಕೊನೆಯ ಮಾತು ನನಗೆ ಈಟಿಯಂತೆ ನಾಟಿತು. ಆ ಹುಡುಗಿಯಲ್ಲಿ ಯಾವ ದೋಷವೂ ಇರಲಿಲ್ಲ. ಅದು ಗೊತ್ತಿದ್ದೂ ನಾನು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ನಡೆದದ್ದನ್ನು ಹೇಳುತ್ತೇನೆ. ನನ್ನ ಅಕ್ಕನನ್ನು ಧರ್ಮಪುರಿಗೆ ಕೊಟ್ಟಿತ್ತು. ಭಾವನವರು ಬೇಗ ತೀರಿಕೊಂಡರು. ಅಕ್ಕನ ಮಗನಿಗೆ ತಂದೆಯ ಸ್ಥಾನದಲ್ಲಿ ನಿಂತವನು ಸೋದರಮಾವನಾದ ನಾನು. 1997ರಲ್ಲಿ ಅವನಿಗೆ ಇಪ್ಪತ್ತನಾಲ್ಕು ವರ್ಷ. ಹುಣಸೆಹಣ್ಣಿನ ಸುಗ್ಗಿಯಲ್ಲಿ ನನ್ನ ಗೋದಾಮಿಗೆ ಬಂದು ತೂಕ ಬರೆಯುತ್ತಿದ್ದ. ಹೆಣ್ಣು ನೋಡಲು ಹೋಗೋಣ ಎಂದು ನಾನು ಹೇಳಿದ ದಿನ, ಮೂಟೆಗಳ ನಡುವೆ ನಿಂತು ನನ್ನ ಮುಖ ನೋಡದೆ ಹೇಳಿದ: "ಮಾವ, ನನಗೆ ಹೆಣ್ಣಿನ ಮೇಲೆ ಆ ಭಾವನೆ ಬರುವುದಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ನನಗೆ ಇದು ಗೊತ್ತು. ಯಾರೂ ಕಲಿಸಿದ್ದಲ್ಲ. ದಶಲಕ್ಷಣದಲ್ಲಿ ಹತ್ತು ದಿನ ಏಕಾಶನ ಮಾಡಿದೆ, ರಸ ತ್ಯಾಗ ಮಾಡಿದೆ. ಆಸೆ ಕಡಿಮೆಯಾಯಿತು ಮಾವ. ಆದರೆ ಅದರ ದಿಕ್ಕು ಬದಲಾಗಲಿಲ್ಲ."

ಅಂದು ಆ ಮಾತಿನ ಬೆಲೆ ನನಗೆ ತಿಳಿಯಲಿಲ್ಲ. ಮನೆತನದ ಮಾನವೊಂದೇ ಕಣ್ಣಿಗೆ ಕಂಡಿತು. ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ ಎಂಟು ದಿನ ಅವನನ್ನು ಕೂಡಿಹಾಕಿದೆ. ಒಂದು ದಿನ ಕೈಯನ್ನೂ ಎತ್ತಿದೆ. ಒಪ್ಪುವವರೆಗೆ ಊಟ ಹಾಕಬೇಡ ಎಂದು ಹೆತ್ತ ತಾಯಿಗೆ ಹೇಳಿದೆ. ಬೇರೆ ಊರಿನ ಡಾಕ್ಟರೊಬ್ಬರ ಬಳಿಗೆ ಕರೆದೊಯ್ದೆ. ಅವರು ಮಂಪರು ಬರುವ ಮಾತ್ರೆ ಬರೆದುಕೊಟ್ಟು, "ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ" ಎಂದರು. ನನಗೂ ಅದೇ ಬೇಕಿತ್ತು. ಆ ವರ್ಷವೇ ಕರ್ನಾಟಕದ ಕಡೆಯ ಒಳ್ಳೆಯ ಮನೆತನದ ಹುಡುಗಿಯನ್ನು ತಂದೆವು. ಬೀಗರು ತಾಂಬೂಲದ ದಿನ ನನ್ನ ಕೈ ಹಿಡಿದು, "ಹುಡುಗನ ವಿಷಯದಲ್ಲಿ ಏನೂ ಮುಚ್ಚಿಟ್ಟಿಲ್ಲ ತಾನೇ?" ಎಂದು ಕೇಳಿದರು. "ಅಪ್ಪಟ ಚಿನ್ನ" ಎಂದೆ.

ಹದಿನಾಲ್ಕು ತಿಂಗಳಿಗೆ ಆ ಹುಡುಗಿ ತವರಿಗೆ ಹೋದಳು. ಮತ್ತೆ ಬರಲಿಲ್ಲ. ನನ್ನ ಅಳಿಯ ಊರು ಬಿಟ್ಟ. ಮಕ್ಕಳಾಗದ ದೋಷ ಹುಡುಗಿಯದು ಎಂದು ನೆಂಟರಿಷ್ಟರು ಆಡಿಕೊಂಡರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಬಂಧುಗಳು ಬಂದುಹೋದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದು ಹುಡುಗರು ಬೇಕೆಂದು ಆರಿಸಿಕೊಳ್ಳುವ ಚಟವೇ, ಅಥವಾ ತಾನಾಗಿ ಬರುವುದೇ? ನಮ್ಮ ಶಾಸ್ತ್ರ ಏನು ಹೇಳುತ್ತದೆ? ನಮ್ಮ ಸ್ವಾಧ್ಯಾಯದಲ್ಲಿ ಗೊಮ್ಮಟಸಾರ ಜೀವಕಾಂಡ ಓದಿಸುವ ಹಿರಿಯರನ್ನು ಕೇಳಿದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ವೇದ ಮಾರ್ಗಣೆಯನ್ನು ತೆಗೆದು ಮುಂದಿಟ್ಟರು.

ವೇದ ಎಂದರೆ ಇಲ್ಲಿ ಋಗ್ವೇದ ಯಜುರ್ವೇದ ಅಲ್ಲ, ಕಾಮದ ಅನುಭವ. ಸ್ತ್ರೀವೇದ, ಪುರುಷವೇದ, ನಪುಂಸಕವೇದ ಎಂದು ಮೂರು. ದೇಹದ ಆಕಾರ ದ್ರವ್ಯವೇದ. ಅದು ನಾಮಕರ್ಮದಿಂದ ಬರುತ್ತದೆ. ಮನಸ್ಸಿನ ಒಲವು ಭಾವವೇದ. ಅದು ಮೋಹನೀಯ ಕರ್ಮದ ಉದಯದಿಂದ ಬರುತ್ತದೆ. ಪುರುಷನನ್ನು ಬಯಸುವ ಭಾವ ಸ್ತ್ರೀವೇದ, ಸ್ತ್ರೀಯನ್ನು ಬಯಸುವ ಭಾವ ಪುರುಷವೇದ, ಇಬ್ಬರನ್ನೂ ಬಯಸುವುದು ನಪುಂಸಕವೇದ. ಎರಡು ಬೇರೆ ಬೇರೆ ಕರ್ಮಗಳ ಫಲವಾದ್ದರಿಂದ ದೇಹವೂ ಒಲವೂ ಸಾಮಾನ್ಯವಾಗಿ ಹೊಂದಿಕೊಂಡಿರುತ್ತವೆ, ಕೆಲವರಲ್ಲಿ ಮಾತ್ರ ಹೊಂದದೆ ವಿಷಮವಾಗಿರುತ್ತವೆ ಎಂದು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಸ್ಪಷ್ಟವಾಗಿ ಹೇಳಿದ್ದಾರೆ. ಇವರು ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು, ಸಾವಿರ ವರ್ಷದ ಹಿಂದಿನವರು. ಯಾವ ಕಾಲೇಜಿನಿಂದ ಕಲಿತು ಅವರು ಇದನ್ನು ಬರೆದರು?

ಇದು ಬದಲಾಗುವುದಿಲ್ಲವೇ ಎಂದು ಕೇಳಿದೆ. ಅದಕ್ಕೆ ಹಿರಿಯರು ಮೂಡಬಿದಿರೆಯಲ್ಲಿ ತಾಳೆಗರಿಯಲ್ಲಿ ಉಳಿದುಬಂದ ಧವಲಾ ಟೀಕೆಯ ಮಾತನ್ನು ತಿಳಿಸಿದರು. ಕ್ರೋಧ, ಮಾನ, ಮಾಯೆ, ಲೋಭಗಳು ಅಂತರ್ಮುಹೂರ್ತದಲ್ಲಿ ಬಂದು ಬದಲಾಗುತ್ತವೆ. ವೇದ ಹಾಗಲ್ಲ, ಹುಟ್ಟಿನಿಂದ ಸಾವಿನವರೆಗೆ ಅದರ ಉದಯ ಇರುತ್ತದೆ ಎಂದು ವೀರಸೇನಾಚಾರ್ಯರ ಅಭಿಪ್ರಾಯ. ನನ್ನ ಅಳಿಯ ಅಂದು ಗೋದಾಮಿನಲ್ಲಿ ಹೇಳಿದ್ದೂ ಇದನ್ನೇ. ಉಪವಾಸದಿಂದ ಆಸೆ ಕುಗ್ಗಿತು, ದಿಕ್ಕು ಬದಲಾಗಲಿಲ್ಲ. ಅವನು ಧವಲಾ ಓದಿದವನಲ್ಲ. ತನ್ನ ಮೈಮೇಲೆ ಬಂದದ್ದನ್ನು ಹೇಳಿದ್ದ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಶಾಸ್ತ್ರ ಇದನ್ನು ಹೊಗಳುತ್ತದೆ ಎಂದು ನಾನು ಹೇಳುತ್ತಿಲ್ಲ. ಬ್ರಹ್ಮಚರ್ಯಾಣುವ್ರತದ ಅತಿಚಾರಗಳಲ್ಲಿ ಅನಂಗಕ್ರೀಡೆಯ ಹೆಸರಿದೆ. ನಪುಂಸಕವೇದವನ್ನು ಇಟ್ಟಿಗೆ ಗೂಡಿನ ಬೆಂಕಿಗೆ ಹೋಲಿಸಿದ್ದಾರೆ. ಆದರೆ ಸ್ತ್ರೀವೇದ ಬೆರಣಿಯ ಬೆಂಕಿ, ಪುರುಷವೇದ ಹುಲ್ಲಿನ ಬೆಂಕಿ ಎಂದೂ ಅಲ್ಲಿಯೇ ಹೇಳಿದೆ. ಮೂರೂ ಬೆಂಕಿಯೇ. ನಮ್ಮ ನಿಮ್ಮ ಒಲವನ್ನು ಯಾರೂ ನೀರು ಎಂದು ಕರೆದಿಲ್ಲ. ಕಾಮದ ಅತಿಯಾದ ತೀವ್ರತೆಯೂ ಅದೇ ಪಟ್ಟಿಯಲ್ಲಿದೆ, ಅದು ಮದುವೆಯಾದವರಿಗೂ ಅನ್ವಯಿಸುತ್ತದೆ. ಪರರ ಮದುವೆ ಮಾಡಿಸುವುದೂ ಆ ಪಟ್ಟಿಯಲ್ಲಿದೆ ಎಂದಾಗ ನಾನು ತಲೆ ತಗ್ಗಿಸಿದೆ.

ಕೆಲವು ಮತಗಳಲ್ಲಿ ಇದನ್ನು ದೇವರ ಆಜ್ಞೆಗೆ ವಿರುದ್ಧವೆಂದು ಹೇಳುತ್ತಾರೆ, ದೇವರ ಕೋಪಕ್ಕೆ ಹೆದರುತ್ತಾರೆ. ನಮ್ಮಲ್ಲಿ ಕೋಪಿಸಿಕೊಳ್ಳುವ ದೇವರಿಲ್ಲ. ಅವರವರ ಕರ್ಮದ ಲೆಕ್ಕ ಅವರವರದು. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಭಾವದ ದೃಷ್ಟಿಯಿಂದ ಮೂರು ವೇದಗಳವರಿಗೂ ಸಿದ್ಧಿಯುಂಟು ಎಂದು ಹೇಳಿದ್ದಾರೆ. ಸ್ತ್ರೀಮುಕ್ತಿಯ ವಾದಕ್ಕೆ ನಾನು ಹೋಗುವುದಿಲ್ಲ, ಅದು ದೊಡ್ಡವರ ವಿಷಯ. ನನಗೆ ಅರ್ಥವಾದದ್ದು ಇಷ್ಟೇ. ಪುರುಷ ದೇಹವಿದ್ದು ಸ್ತ್ರೀವೇದದ ಭಾವವಿರುವ ಜೀವಕ್ಕೂ ಒಂಬತ್ತನೆಯ ಗುಣಸ್ಥಾನಕ್ಕೆ ಏರಿ, ಅಲ್ಲಿ ವೇದವನ್ನೇ ಕಳೆದುಕೊಂಡು, ಮುಂದೆ ಮೋಕ್ಷಕ್ಕೆ ಹೋಗುವ ದಾರಿ ತೆರೆದಿದೆ. ಮೋಕ್ಷದ ಬಾಗಿಲು ಮುಚ್ಚದ ಜೀವಕ್ಕೆ ನಾನು ಮನೆಯ ಬಾಗಿಲು ಮುಚ್ಚಿದೆನಲ್ಲ!

ಲೋಕದ ಕಡೆಯೂ ಸ್ವಲ್ಪ ನೋಡೋಣ. ಇದನ್ನು ಅಪರಾಧವೆಂದ 377ನೇ ಕಲಂ ನಮ್ಮ ಆಚಾರ್ಯರು ಬರೆದದ್ದಲ್ಲ. 1860ರಲ್ಲಿ ಬ್ರಿಟಿಷರು ಮಾಡಿದ ದಂಡಸಂಹಿತೆಯಲ್ಲಿ ಬಂದದ್ದು. ಇಂಗ್ಲೆಂಡ್ ತನ್ನ ದೇಶದಲ್ಲಿ 1967ರಲ್ಲೇ ಅಂತಹ ಕಾನೂನನ್ನು ಸಡಿಲಿಸಿತು. ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ಇದ್ದರೆ ಅದು ಅಪರಾಧವಲ್ಲ ಎಂದಿತು. ಇಂಥವರ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಒಪ್ಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತ್ತು. ನಾನು ಅಳಿಯನನ್ನು ಡಾಕ್ಟರ ಬಳಿಗೆ ಎಳೆದೊಯ್ದದ್ದು ಅದಾಗಿ 7 ವರ್ಷಕ್ಕೆ.

ನಮ್ಮ ರಾಜ್ಯದ ಹೈಕೋರ್ಟಿನ ಒಂದು ಮೊಕದ್ದಮೆಯನ್ನು ಎಲ್ಲರೂ ತಿಳಿಯಬೇಕು. ಮಧುರೈಯ ಇಬ್ಬರು ಯುವತಿಯರು ಮನೆಯವರ ವಿರೋಧಕ್ಕೆ ಹೆದರಿ ಚೆನ್ನೈಗೆ ಹೋಗಿ ರಕ್ಷಣೆ ಕೇಳಿದರು. ವಿಚಾರಣೆ ಮಾಡಿದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ಈ ವಿಷಯ ತಮಗೇ ಸರಿಯಾಗಿ ತಿಳಿಯದು ಎಂದು ಒಪ್ಪಿಕೊಂಡು, ತಾವೇ ಮನಶ್ಶಾಸ್ತ್ರಜ್ಞರ ಮುಂದೆ ಕುಳಿತು ತಿಳಿದುಕೊಂಡರು. ಆಮೇಲೆ 2021ರ ಜೂನ್ 7ರಂದು ಆದೇಶ ಕೊಟ್ಟರು. ಇಂಥವರನ್ನು ಔಷಧೋಪಚಾರದಿಂದ ಬದಲಾಯಿಸುತ್ತೇವೆ ಎನ್ನುವ ಪ್ರಯತ್ನವನ್ನೇ ನಿಷೇಧಿಸಿದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅಂತಹ ಚಿಕಿತ್ಸೆ ವೃತ್ತಿಯ ದುರ್ನಡತೆ ಎಂದು ಹೇಳಿತು. ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ನನಗೆ ತಿಳಿಯದು ಎಂದು ವಿದ್ಯಾರ್ಥಿಯಾಗಿ ಕೂರಬಹುದಾದರೆ, ಹುಣಸೆಹಣ್ಣು ಮಾರುವ ನನಗೆ ಏನು ಕಷ್ಟ?

ಹಾಗಾದರೆ ಆರಿಸಿಕೊಂಡವರು ಯಾರು? ನನ್ನ ಅಳಿಯ ತನ್ನ ವೇದೋದಯವನ್ನು ಆರಿಸಿಕೊಳ್ಳಲಿಲ್ಲ. ಆರಿಸಿಕೊಂಡವನು ನಾನು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನ ನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು. ಇವೆಲ್ಲ ಎತ್ತುಗಳ ವಿಷಯ ಎಂದು ತಿಳಿದಿದ್ದೆ. ನಮ್ಮ ತಂದೆಯವರು ಗಾಡಿಗೆ ಲೆಕ್ಕಕ್ಕಿಂತ ಒಂದು ಮೂಟೆ ಹೆಚ್ಚು ಹೇರಲು ಬಿಡುತ್ತಿರಲಿಲ್ಲ. ಅವರ ಮಗನಾದ ನಾನು ಅಕ್ಕನ ಮಗನನ್ನು ಕೂಡಿಹಾಕಿದೆ, ಹೊಡೆದೆ, ಊಟ ನಿಲ್ಲಿಸಿದೆ, ಹೊರಲಾರದ ಮದುವೆಯನ್ನು ಹೊರಿಸಿದೆ. ಛೇದವೊಂದನ್ನು ಬಿಟ್ಟು ನಾಲ್ಕನ್ನೂ ಮಾಡಿದೆ.

ಅಚೌರ್ಯಾಣುವ್ರತದಲ್ಲಿ ಪ್ರತಿರೂಪಕ ವ್ಯವಹಾರ ಎಂದೊಂದು ಅತಿಚಾರವಿದೆ. ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದು. ಹುಣಸೆಹಣ್ಣಿನ ಉಂಡೆಯ ಹೊರಗೆ ಒಳ್ಳೆಯ ಹಣ್ಣು, ಒಳಗೆ ಬೀಜ ನಾರು ತುಂಬಿ ಮಾರುವವರಿದ್ದಾರೆ. ನನ್ನ ಮಂಡಿಯಲ್ಲಿ ಒಂದು ದಿನವೂ ಹಾಗೆ ಮಾಡಲಿಲ್ಲ ಎಂಬ ಹೆಮ್ಮೆ ನನಗಿತ್ತು. ಆದರೆ ಅಂದು ಕೈ ಹಿಡಿದು ಕೇಳಿದ ಬೀಗರಿಗೆ ನಾನು ಮಾಡಿದ್ದು ಏನು? ನನ್ನ ಅಳಿಯ ಬೀಜ ನಾರು ಎಂದಲ್ಲ, ಅವನು ಬಂಗಾರದಂಥವನೇ. ಆದರೆ ಆ ಹುಡುಗಿಗೆ ಬೇಕಾದ ಗಂಡ ಅವನಾಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ವ್ಯಾಪಾರ ಮುಗಿಸಿದೆ.

ಈ ವರ್ಷದ ಆರಂಭದಲ್ಲಿ ಆಕೆಯ ಊರಿಗೆ ಹೋದೆ. ತವರಿನವರು ಓದಿಸಿದ್ದರು, ಆಕೆ ಶಾಲೆಯಲ್ಲಿ ಶಿಕ್ಷಕಿ. ತಂದೆಯವರು ಈಗಿಲ್ಲ. ಕ್ಷಮೆ ಕೇಳಬೇಕಾದ ಒಬ್ಬರು ಕೈತಪ್ಪಿ ಹೋಗಿದ್ದರು. ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಅವರು ನನಗೆ ಎರಡನೇ ತಿಂಗಳೇ ಅಳುತ್ತಾ ಹೇಳಿದ್ದರು ಮಾವ. ಅವರ ಮೇಲೆ ನನಗೆ ಸಿಟ್ಟಿಲ್ಲ. ಊರೆಲ್ಲ ನನಗೆ ದೋಷವಿದೆ ಎಂದಾಗ ನೀವು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಮ್ಮಪ್ಪ ಅದನ್ನು ನಂಬಿಕೊಂಡೇ ಹೋದರು." ನನ್ನ ಬಳಿ ಉತ್ತರವಿರಲಿಲ್ಲ. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಇದನ್ನು ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ. "ಬರೆಯಿರಿ, ಊರಿನ ಹೆಸರು ಬೇಡ" ಎಂದರು. ಅಳಿಯನ ಒಪ್ಪಿಗೆಯನ್ನೂ ಪಡೆದಿದ್ದೇನೆ. ಇಲ್ಲದಿದ್ದರೆ ಇದೇ ರಹೋಭ್ಯಾಖ್ಯಾನವಾಗುತ್ತಿತ್ತು. ಒಬ್ಬರ ಗುಟ್ಟನ್ನು ಬಯಲು ಮಾಡುವುದೂ ಸತ್ಯಾಣುವ್ರತದ ಅತಿಚಾರವೇ. ಮದುವೆ ಮನೆಗಳಲ್ಲಿ ಇಂಥ ಮಕ್ಕಳ ವಿಷಯ ಪಿಸುಗುಟ್ಟುವವರು ಇದನ್ನು ನೆನಪಿಡಬೇಕು.

ಅಂಗಡಿಗೆ ಬಂದಿದ್ದ ಬಂಧುಗಳಿಗೆ ನಾನು ಹೇಳಿದ್ದು ಇಷ್ಟು: "ನಿಮ್ಮ ಹುಡುಗ ನಿಮ್ಮ ಹತ್ತಿರ ನಿಜ ಹೇಳಿದ್ದಾನೆ. ಸತ್ಯ ಹೇಳಿದ ಮಗನಿಗೆ ಸುಳ್ಳು ಮದುವೆಯ ಶಿಕ್ಷೆ ಕೊಡಬೇಡಿ. ಅವನು ಬ್ರಹ್ಮಚಾರಿಯಾಗಿರುತ್ತಾನೋ, ಯಾರ ಜೊತೆ ಬಾಳುತ್ತಾನೋ, ಅದು ಅವನ ಆತ್ಮದ ಲೆಕ್ಕ. ನಿಮ್ಮ ಲೆಕ್ಕ ನೀವು ನೋಡಿಕೊಳ್ಳಿ. ಊಟಕ್ಕೆ ಕರೆಯಿರಿ, ಬಸದಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ." ಅವರು ಮುಖ ಗಂಟಿಕ್ಕಿಕೊಂಡೇ ಹೋದರು. ಆದರೆ ಮೊನ್ನೆ ಅಭಿಷೇಕಕ್ಕೆ ತಂದೆ ಮಗ ಇಬ್ಬರೂ ಬಂದಿದ್ದರು. ಹುಡುಗ ಕಲಶ ಹಿಡಿದಿದ್ದ, ತಂದೆ ಪಕ್ಕದಲ್ಲಿ ನಿಂತಿದ್ದರು.

ನನ್ನ ಅಳಿಯ ಇಪ್ಪತ್ತೇಳು ವರ್ಷದ ಮೇಲೆ ಧರ್ಮಪುರಿಗೆ ಬರಲು ಒಪ್ಪಿದ್ದಾನೆ. ಅಕ್ಕನಿಗೆ ಈಗ ಕಣ್ಣು ಮಂಜು. ಮಹಡಿಯ ಆ ಕೋಣೆಯ ಬಾಗಿಲಿನ ಹೊರಗಿನ ಚಿಲಕವನ್ನು ನಾನೇ ನಿಂತು ತೆಗೆಸಿದ್ದೇನೆ.

ನನ್ನಿಂದ ನೊಂದ ಎಲ್ಲ ಜೀವಗಳಲ್ಲಿ ಕ್ಷಮೆ ಬೇಡುತ್ತೇನೆ. ಉತ್ತಮ ಕ್ಷಮಾ.