ಕಾಯಿ ಬಲಿಯುವ ಹೊತ್ತಿನ ಮಳೆ

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಲ್ಲಿ ಏಪ್ರಿಲ್ ಕೊನೆಗೆ ಯಾರನ್ನು ಮಾತಾಡಿಸಿದರೂ ಮಾತಿನ ನಡುವೆ ಅವರ ಕಣ್ಣು ಒಮ್ಮೆ ಆಕಾಶಕ್ಕೆ ಹೋಗಿ ಬರುತ್ತದೆ. ಬೆಳಿಗ್ಗೆ ಹತ್ತಕ್ಕೇ ಬಂಡೆಗುಡ್ಡಗಳು ಕಾದಿರುತ್ತವೆ. ಮಧ್ಯಾಹ್ನ ಒಂದು ಎಲೆಯೂ ಅಲುಗುವುದಿಲ್ಲ. ನಾಲ್ಕರ ಹೊತ್ತಿಗೆ ಮದನಪಲ್ಲಿಯ ಕಡೆ, ಹಾರ್ಸ್ಲಿ ಬೆಟ್ಟದ ದಿಕ್ಕಿನಲ್ಲಿ ಮೋಡ ಮೇಲೇಳತೊಡಗುತ್ತದೆ. ಆಮೇಲೆ ಏನಾದೀತೆಂದು ಹೇಳುವ ಧೈರ್ಯ ಊರಿನ ಹಿರಿಯರಿಗೂ ಇಲ್ಲ. ಒಂದು ದಿನ ತಂಪು ಗಾಳಿಯಷ್ಟೇ ಬೀಸಿ ಮೋಡ ಚದುರುತ್ತದೆ. ಇನ್ನೊಂದು ದಿನ ರಾಯಲ್ಪಾಡಿನಲ್ಲಿ ಚರಂಡಿ ಉಕ್ಕಿ ಹರಿದರೂ ಇಲ್ಲಿ ಧೂಳು ಅಡಗಿರುವುದಿಲ್ಲ. ಮತ್ತೊಂದು ದಿನ ಅರ್ಧ ಗಂಟೆಯೊಳಗೆ ವರ್ಷದ ದುಡಿಮೆ ಮರದ ಬುಡದಲ್ಲಿ ಬಿದ್ದಿರುತ್ತದೆ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಗಡಿಸೀಮೆ ಇದು. ಮಳೆಯ ಲೆಕ್ಕ ಮಾತ್ರ ಎರಡು ಭಾಷೆಗೂ ಒಂದೇ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಆ ಗಾದೆ ಕಟ್ಟಿದವರ ಕಣ್ಣಮುಂದೆ ಇದ್ದದ್ದು ಉಳುಮೆಗೆ ಕಾದಿದ್ದ ಹೊಲ. ರಾಗಿ, ಕಡಲೆಕಾಯಿ ಬಿತ್ತುವವನಿಗೆ ಅದು ಇವತ್ತಿಗೂ ನಿಜ. ಆದರೆ ಈ ತಾಲ್ಲೂಕಿನ ಧರಣಿಯ ಮೇಲೆ ಈಗ ನಿಂತಿರುವುದು ಮಾವು. ಭರಣಿ ಹುಟ್ಟುವುದು ಏಪ್ರಿಲ್ 27ರ ಆಸುಪಾಸಿನಲ್ಲಿ. ಆಗ ಬಾದಾಮಿ, ರಸಪುರಿ ಬಲಿಯುತ್ತಿರುತ್ತವೆ, ತೋತಾಪುರಿ ಇನ್ನೂ ಎಳೆಯದು. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆ ಇಲ್ಲದ ನಾಡಿನಲ್ಲಿ ಆ ಕಾಯಿಗೆ ತೂಕ ಕೊಡಬೇಕಾದ್ದು ಈ ಮಳೆಯೇ. ಅದಕ್ಕೇ ಎಲ್ಲರೂ ಅದನ್ನು ಬೇಡಿಕೊಳ್ಳುತ್ತಾರೆ, ಬಂದಾಗ ಎದೆ ಹಿಡಿದುಕೊಳ್ಳುತ್ತಾರೆ.

ಬಂಗಾಳ ಕೊಲ್ಲಿಯ ಹಸಿಗಾಳಿಗೂ ಒಳನಾಡಿನ ಒಣಗಾಳಿಗೂ ಈ ಎತ್ತರದ ನೆಲದ ಮೇಲೆ ಮುಖಾಮುಖಿ. ಕಾದ ನೆಲ ಹಸಿಗಾಳಿಯನ್ನು ಮೇಲಕ್ಕೆಬ್ಬಿಸುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಬೆಳೆದ ಮೋಡದೊಳಗೆ ನೀರು ಹೆಪ್ಪುಗಟ್ಟಿ, ಕಲ್ಲಾಗಿ ಇಳಿಯುತ್ತದೆ. ಸುರಿಯುವ ಮಳೆ ತನ್ನ ಜೊತೆಗೆ ತಣ್ಣನೆಯ ಗಾಳಿಯನ್ನೂ ನೆಲಕ್ಕೆ ಎಳೆದು ತರುತ್ತದೆ. ನೆಲ ಮುಟ್ಟಿದ ಆ ಗಾಳಿ ಸುತ್ತಲೂ ಚಿಮ್ಮಿ, ಮೊದಲ ಹನಿಗಿಂತ ಮುಂಚೆ ತೋಟಕ್ಕೆ ನುಗ್ಗುತ್ತದೆ. ಮೋಡದ ಹರವು ಕೆಲವೇ ಕಿಲೋಮೀಟರ್. ಒಂದೂರಿನ ಮಳೆ ಪಕ್ಕದೂರಿಗೆ ತಿಳಿಯದೆ ಹೋಗುವುದು ಅದರಿಂದಲೇ.

ಹೂ ಬಿಟ್ಟಾಗಲೇ ತೋಟವನ್ನು ಗುತ್ತಿಗೆ ಹಿಡಿದು, ಸಾಲದ ದುಡ್ಡು ಸುರಿದು, ಕಾಯಿ ಇಳಿಯುವವರೆಗೆ ಮರದಡಿಯ ಗುಡಿಸಿಲಲ್ಲೇ ಮಲಗುವವರಿದ್ದಾರೆ. ಗಾಳಿಯ ಸದ್ದಿಗೆ ಮೊದಲು ಎಚ್ಚರಾಗುವವರು ಅವರು. ಬಿದ್ದ ಕಾಯಿ ಉಪ್ಪಿನಕಾಯಿಯವರ ಪಾಲಾಗುತ್ತದೆ, ಅವರು ಹೇಳಿದ ಬೆಲೆಗೆ. ಬೀಳದ ಕಾಯಿಯ ಕಥೆ ಇನ್ನೂ ಸಂಕಟದ್ದು. ಆಲಿಕಲ್ಲು ತಾಗಿದ ಜಾಗ ಆ ಸಂಜೆ ಕಾಣುವುದೇ ಇಲ್ಲ. ನಾಲ್ಕಾರು ದಿನ ಕಳೆದ ಮೇಲೆ ಅಲ್ಲೊಂದು ಕಪ್ಪು ಚುಕ್ಕೆ ಏಳುತ್ತದೆ. ತೇವ ನಿಂತರೆ ಹಣ್ಣಿನ ನೊಣ ಹೆಚ್ಚುತ್ತದೆ. ಮಂಡಿಯಲ್ಲಿ ಅಂಥ ಕಾಯಿಯನ್ನು ಕೈಯಿಂದ ಪಕ್ಕಕ್ಕೆ ಸರಿಸುತ್ತಾರೆ.

ಹಿಪ್ಪುನೇರಳೆ ಇಟ್ಟವರ ಮನೆಯಲ್ಲಿ ಬೇರೊಂದು ಚಿಂತೆ. ರೇಷ್ಮೆಹುಳುವಿಗೆ 24ರಿಂದ 28 ಡಿಗ್ರಿಯ ಸಮ ಹವೆ ಬೇಕು. ಮಧ್ಯಾಹ್ನದ ಧಗೆ, ಸಂಜೆಯ ಥಂಡಿ, ನೆಂದ ಸೊಪ್ಪು ಮೂರೂ ಒಂದೇ ದಿನ ಕೂಡಿಬಂದರೆ ಹುಳುವಿಗೆ ರೋಗ ತಗಲುತ್ತದೆ. ಆ ಸಂಜೆ ಹೆಂಗಸರು ಒದ್ದೆ ಸೊಪ್ಪನ್ನು ಮನೆ ತುಂಬ ಹರವಿ ಆರಿಸುತ್ತಾರೆ. ಅದೇ ಹೊತ್ತಿನಲ್ಲಿ ಬೀದಿಯಾಚೆಯ ರಾಗಿಯವನು ನೇಗಿಲ ಕುಳ ನೋಡಿಕೊಳ್ಳುತ್ತಿರುತ್ತಾನೆ. ಒಬ್ಬರ ಹಿಗ್ಗು ಇನ್ನೊಬ್ಬರ ಮನೆಮುಂದೆ ಜೋರಾಗುವುದಿಲ್ಲ. ಈ ಸೀಮೆಯ ಜನರಲ್ಲಿ ನಾನು ಬಹಳ ಗೌರವದಿಂದ ಕಂಡ ಗುಣ ಇದು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಊರಿಂದೂರಿಗೆ ಬದಲಾಗುವ ಮಳೆಗೆ ಅದು ಸರಿಯಾದ ಅಳತೆ. ಜಿಲ್ಲೆಯ ಸರಾಸರಿ ಇಲ್ಲಿ ಯಾರಿಗೂ ಏನನ್ನೂ ಹೇಳುವುದಿಲ್ಲ. ಆದರೆ ಮಳೆಮಾಪಕಕ್ಕೆ ಆಲಿಕಲ್ಲೂ ಕರಗಿದ ನೀರೇ. ತೋಟ ಹಾಳಾದ ಸಂಜೆಯೂ ಅದರಲ್ಲಿ ಹದವಾದ ಮಳೆಯಾಗಿ ದಾಖಲಾಗಬಹುದು. ಹಾಗಾಗಿ ನಷ್ಟ ಅಳೆಯುವವರು ಕಣ್ಣಿಂದಲೇ ನೋಡಬೇಕು, ಅದೂ ಎರಡು ಸಲ: ಮರುದಿನ ಬಂದು ಬಿದ್ದ ಕಾಯಿ ಎಣಿಸಿಹೋದವರು, ಒಂದು ವಾರ ಬಿಟ್ಟು, ಕೊಂಬೆಯಲ್ಲಿ ಉಳಿದ ಕಾಯಿಯನ್ನು ನೋಡಲು ಮತ್ತೆ ಬರಬೇಕು.